ಆಟದ ಪೆಟ್ಟಿಗೆಗೆ ಒಂದು ಸುಧಾರಣಾ ಚೀಟಿ

ನಾನು ತಟ್ಟೆ ಇಡ್ಲಿ ತಿಂದು ನಿನ್ನೆಗೆ ಮೂರು ವಾರವಾಗಿತ್ತು. ದಿನಾ ಆ ಇಡ್ಲಿಗೇ ಹೆಸರಾದ ಬಿಡದಿಯಲ್ಲಿ ರೈಲಿಳಿಯುವವನೊಬ್ಬ ಹೀಗೆ ಹೇಳಿದರೆ ಹೊಟ್ಟೆ ಕೆಟ್ಟಿರಬೇಕು ಎಂದು ನೀವು ಊಹಿಸುತ್ತೀರಿ. ಹೊಟ್ಟೆ ಚೆನ್ನಾಗಿಯೇ ಇದೆ. ಬಿಸಿ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡಿದ ಕೂಡಲೇ ನನಗೆ ಒಂದು ಎಕ್ಸ್‌ಪ್ರೆಸ್ ರೈಲು ಕಾಣಿಸುತ್ತದೆ, ಅಷ್ಟೆ. ಇಡ್ಲಿಗೂ ರೈಲಿಗೂ ಇರುವ ಸಂಬಂಧವನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನನ್ನ ಸಿಟ್ಟಿನ ತೂಕ ಕಡಿಮೆಯಾಗುತ್ತದೆ. ಸದ್ಯಕ್ಕೆ ನನಗೆ ಬಂದಿರುವ ಸಿಟ್ಟು ಅಂಗೈಯಗಲದ ಒಂದು ಪೆಟ್ಟಿಗೆಯ ಮೇಲೆ.

ಪೆಟ್ಟಿಗೆ ನನ್ನದಲ್ಲ, ಪುಟ್ಟಸ್ವಾಮಿಯದು. ನಾವಿಬ್ಬರೂ ಚನ್ನಪಟ್ಟಣದವರು. ಐದು ವರ್ಷದಿಂದ ಒಂದೇ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಬಿಡದಿಯ ಒಂದು ಕಾರ್ಖಾನೆಗೆ ಹೋಗುತ್ತೇವೆ. ಅಲ್ಲಿ ಕಾರಿನ ಬಿಡಿಭಾಗಗಳನ್ನು ಮಾಡುತ್ತಾರೆ. ನಾನು ಬಿ.ಎಸ್ಸಿ. ಓದಿ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕಾಯುವವನು. ಪುಟ್ಟಸ್ವಾಮಿ ತಪಾಸಣೆ ವಿಭಾಗದಲ್ಲಿದ್ದಾನೆ. ಒಂದೊಂದೇ ಭಾಗವನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಕೂದಲೆಳೆಯಷ್ಟು ಗೀರಿದ್ದರೂ ಪಕ್ಕಕ್ಕೆ ಎಸೆಯುವುದು ಅವನ ಕೆಲಸ. ಅಂಥ ಕಣ್ಣಿನವನಿಗೆ ಒಂದು ರೈಲು ಕಾಣಿಸಲಿಲ್ಲ. ಹಾಗೆ ಮಾಡಿದ್ದು ಆ ಪೆಟ್ಟಿಗೆ.

ಅದು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು. ಬೆಂಗಳೂರಿನಲ್ಲಿರುವ ಅವನ ಭಾವಮೈದ ಹೊಸದನ್ನು ಕೊಂಡು ಹಳೆಯದನ್ನು ಇವನಿಗೆ ದಾಟಿಸಿದ್ದ. ಒಳಗೆ ಒಬ್ಬ ಪುಟ್ಟ ಮನುಷ್ಯ ಮನೆಗಳ ಮಾಡಿನಿಂದ ಮಾಡಿಗೆ ಹಾರುತ್ತಾ ಓಡುತ್ತಾನೆ. ಅವನಿಗೆ ಮೂರು ಜೀವ. ಬಿದ್ದರೆ ಒಂದು ಹೋಗುತ್ತದೆ. ಮೂರೂ ಹೋದ ಮೇಲೆ ಪರದೆ ಕಪ್ಪಾಗಿ, ಮುಂದುವರಿಸುತ್ತೀಯಾ ಎಂದು ಕೇಳುತ್ತದೆ. ಕೇಳಿ ಸುಮ್ಮನಿದ್ದರೆ ನನ್ನ ತಕರಾರಿರಲಿಲ್ಲ. ಕೇಳಿದ ಕೂಡಲೇ ಹತ್ತು, ಒಂಬತ್ತು, ಎಂಟು ಎಂದು ಅಂಕಿ ಇಳಿಸತೊಡಗುತ್ತದೆ. ಸೊನ್ನೆ ಬರುವುದರೊಳಗೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಬಿದ್ದ ಹಂತದಿಂದಲೇ ಆಟ. ಇಲ್ಲವಾದರೆ ಮತ್ತೆ ಮೊದಲ ಹಂತದಿಂದ. ಬೇರೆಲ್ಲಾ ಸಮಯದಲ್ಲಿ ಆಟವನ್ನು ತಡೆದು ನಿಲ್ಲಿಸುವ ಗುಂಡಿಯೊಂದಿದೆ, ಜೀರಿಗೆ ಗಾತ್ರದ್ದು. ಈ ಹತ್ತು ಅಂಕಿ ಇಳಿಯುವಾಗ ಮಾತ್ರ ಅದೂ ಕೆಲಸ ಮಾಡುವುದಿಲ್ಲ. ಇದನ್ನು ಯೋಚಿಸಿದ ಮಹಾನುಭಾವ ಯಾವ ದೇಶದಲ್ಲಿದ್ದಾನೋ, ಅವನ ಮನೆಯ ಮುಂದೆ ರೈಲು ಹಳಿ ಇಲ್ಲವೆಂಬುದಂತೂ ಖಂಡಿತ.

ನಮ್ಮದು ಇನ್ನೂ ಒಂಟಿ ಹಳಿಯ ದಾರಿ. ಜೋಡಿ ಹಳಿ ಬರುತ್ತದೆ ಎಂದು ಹೇಳುತ್ತಲೇ ಇದ್ದಾರೆ. ಹಾಗಾಗಿ ಎದುರಿನಿಂದ ಎಕ್ಸ್‌ಪ್ರೆಸ್ ಬರುವಾಗ ನಮ್ಮ ಪ್ಯಾಸೆಂಜರನ್ನು ಬಿಡದಿಯಲ್ಲಿ ಪಕ್ಕದ ಹಳಿಗೆ ತಂದು ನಿಲ್ಲಿಸುತ್ತಾರೆ. ಪ್ಲಾಟ್‌ಫಾರಂ ಒಂದು ಕಡೆ, ಕಾರ್ಖಾನೆಯ ಬಸ್ಸು ನಿಲ್ಲುವ ರಸ್ತೆ ಇನ್ನೊಂದು ಕಡೆ. ಪ್ಲಾಟ್‌ಫಾರಮ್ಮಿಗೆ ಇಳಿದು ಸುತ್ತಿ ಬಂದರೆ ಮೊದಲ ಬಸ್ಸು ತಪ್ಪುತ್ತದೆ. ಆದ್ದರಿಂದ ನಾವೆಲ್ಲ, ಓದಿದವರು ಓದದವರು ಎಂಬ ಭೇದವಿಲ್ಲದೆ, ಊಟದ ಡಬ್ಬಿ ಹಿಡಿದು ತಪ್ಪು ಕಡೆಯ ಬಾಗಿಲಿನಿಂದ ಜಲ್ಲಿಯ ಮೇಲೆ ಧುಮುಕಿ, ನಡುವಿನ ಮುಖ್ಯ ಹಳಿಯನ್ನು ದಾಟಿ, ತಂತಿಬೇಲಿಯ ಸಂದಿಯಲ್ಲಿ ನುಸುಳುತ್ತೇವೆ. ಐದು ವರ್ಷ ನುಸುಳಿದ ಮೇಲೆ ಅದು ಸಂದಿಯಾಗಿ ಕಾಣುವುದಿಲ್ಲ, ಹೆಬ್ಬಾಗಿಲಾಗಿ ಕಾಣುತ್ತದೆ.

ಆ ದಿನ ನಾನು ಮೊದಲು ದಾಟಿದೆ. ಬೇಲಿಯ ಹತ್ತಿರ ಹೋಗಿ ತಿರುಗಿ ನೋಡಿದರೆ ಪುಟ್ಟಸ್ವಾಮಿ ಮುಖ್ಯ ಹಳಿಯ ನಡುವೆ ನಿಂತಿದ್ದಾನೆ. ತಲೆ ಬಗ್ಗಿದೆ, ಎರಡು ಕಿವಿಯಲ್ಲೂ ತಂತಿ, ಎರಡು ಹೆಬ್ಬೆರಳೂ ಪೆಟ್ಟಿಗೆಯ ಮೇಲೆ. ಬಲಗಡೆಯಿಂದ ಎಕ್ಸ್‌ಪ್ರೆಸ್ಸು ಕೂಗುತ್ತಾ ಬರುತ್ತಿದೆ. ನಾನು ಕೂಗಿದೆ. ಏನೆಂದು ಕೂಗಿದೆನೋ ಈಗಲೂ ನೆನಪಿಗೆ ಬರುತ್ತಿಲ್ಲ. ಅವನ ಹೆಸರನ್ನಂತೂ ಕೂಗಲಿಲ್ಲ. ಐದು ವರ್ಷದ ಗೆಳೆಯನ ಹೆಸರು ಆ ಹೊತ್ತಿನಲ್ಲಿ ಬಾಯಿಗೆ ಬರಲಿಲ್ಲ.

ನಮ್ಮ ರೈಲಿನ ಪಕ್ಕದಲ್ಲಿ ಗೌರಮ್ಮ ನಿಂತಿದ್ದಳು. ಬೈರಮಂಗಲದ ಕಡೆಯಿಂದ ಬಂದು ಕಿಟಕಿ ಕಿಟಕಿಗೆ ಸೌತೆಕಾಯಿ ಮಾರುವ ಹೆಂಗಸು. ಅವಳು ಬುಟ್ಟಿಯಿಂದ ದಪ್ಪನೆಯ ಕಾಯೊಂದನ್ನು ಎತ್ತಿ ಬೀಸಿದಳು. ಅದು ಪುಟ್ಟಸ್ವಾಮಿಯ ಕಿವಿಯ ಹಿಂದಕ್ಕೇ ಬಿತ್ತು. ಅವನು ಕೆಂಡದಂತಾಗಿ ಹಿಂದಕ್ಕೆ ತಿರುಗಿದ. ಜಗಳಕ್ಕೆಂದೇ ಅವಳ ಕಡೆ ಹೆಜ್ಜೆ ಹಾಕಿದ. ಆಗ ರೈಲು ನನಗೂ ಅವನಿಗೂ ನಡುವೆ ಬಂತು.

ಎಷ್ಟು ಬೋಗಿಗಳಿದ್ದವೋ ತಿಳಿಯದು. ಮೂರು ವಾರದಿಂದ ಕಣ್ಣು ಮುಚ್ಚಿದರೆ ಅವು ಹೋಗುತ್ತಲೇ ಇರುತ್ತವೆ. ಅವನು ಎರಡನೆಯ ಹೆಜ್ಜೆ ಇಟ್ಟನೋ ಇಲ್ಲವೋ ನಾನು ನೋಡಿರಲಿಲ್ಲ. ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಚಕ್ರಗಳ ಸಂದಿಯಲ್ಲಿ ಕಾರ್ಖಾನೆಯ ಕಪ್ಪು ಬೂಟುಗಳಿಗಾಗಿ ಹುಡುಕಿದೆ. ಕಂಡಂತಾಗುತ್ತಿತ್ತು, ಚಕ್ರ ಬಂದು ಮುಚ್ಚುತ್ತಿತ್ತು. ಬೂಟು ಕಂಡರೂ ಅದು ನಿಂತಿದೆಯೋ ಬಿದ್ದಿದೆಯೋ ತಿಳಿಯುತ್ತಿರಲಿಲ್ಲ. ಕೊನೆಯ ಬೋಗಿ ಹೋದ ಮೇಲೆ ಮೊದಲು ಕೇಳಿಸಿದ್ದು ಅವನ ಗಂಟಲು.

“ಸೌತೆಕಾಯಲ್ಲಿ ಹೊಡೀತೀಯೇನಮ್ಮಿ ನಂಗೆ? ನಾನೇನ್ ನಿನ್ ಹೊಲಕ್ ನುಗ್ಗಿದ್ ಎಮ್ಮೆನಾ?”

“ಎಮ್ಮೆಗಾದ್ರೂ ರೈಲು ಬಂದ್ರೆ ಗೊತ್ತಾಯ್ತದೆ ಕಣೋ ಬಡ್ಡೆತ್ತದೆ! ಕಾಲಡೀಲಿ ಬರೀ ಕಲ್ಲೇ ಇತ್ತು. ಪಾಪ, ತಲೆ ಒಡ್ದೋಯ್ತದೆ ಅಂತ ಕಾಯಲ್ ಹೊಡ್ದೆ!”

ಆಗ ಅವನು ತಿರುಗಿ ರೈಲು ಹೋದ ದಿಕ್ಕನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದ. ಹಳಿ ದಾಟಿ ನನ್ನ ಹತ್ತಿರ ಬಂದು ಹೇಳಿದ: “ಹೋಯ್ತು ಕಣ್ಲಾ. ಸೊನ್ನೆ ಬಂದ್ಬುಡ್ತು. ಇನ್ನು ಒಂದರಿಂದ ಶುರು ಮಾಡ್ಬೇಕು.”

ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಬಸ್ಸು ಹೊರಟುಹೋಯಿತು, ನಾನು ಬಿಡಲಿಲ್ಲ. “ಏನ್ಲಾ, ಧಾರೆ ಎರ್ಸ್ಕೊಂಡೋನಂಗೆ ಕೈ ಹಿಡ್ಕೊಂಡಿದ್ದೀಯ, ಜನ ನೋಡ್ತಾವ್ರೆ” ಎಂದು ಅವನು ನಕ್ಕ. ಅವನಿಗೆ ಅದು ತಟ್ಟಿದ್ದು ಮಧ್ಯಾಹ್ನ. ಊಟದ ಡಬ್ಬಿಯ ಮುಚ್ಚಳ ತೆಗೆಯಲಾಗದೆ ನನ್ನ ಕಡೆ ನೂಕಿದ. ನಾನು ತೆಗೆದುಕೊಟ್ಟೆ. ಸಾರು ಮೇಜಿನ ಮೇಲೆ ಚೆಲ್ಲಿತು.

ಅಂದು ಸಂಜೆ ಚನ್ನಪಟ್ಟಣದ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಆ ಪೆಟ್ಟಿಗೆಯ ಬಗ್ಗೆ ಹುಡುಕಿದೆ. ಮುಂದಿನ ಆವೃತ್ತಿಯಲ್ಲಿ ಏನೇನು ಬೇಕು ಎಂದು ಲೋಕದ ಜನರೆಲ್ಲ ಅಲ್ಲಿ ಚರ್ಚಿಸುತ್ತಿದ್ದರು. ಒಬ್ಬನಿಗೆ ಪರದೆ ಇನ್ನಷ್ಟು ಹೊಳೆಯಬೇಕು. ಒಬ್ಬನಿಗೆ ಬ್ಯಾಟರಿ ಹಗಲಿಡೀ ಬರಬೇಕು. ಇನ್ನೊಬ್ಬ, ಕಿವಿಯ ತಂತಿಯಲ್ಲಿ ಹೊರಗಿನ ಸದ್ದು ಒಂದಿಷ್ಟೂ ಕೇಳಿಸಬಾರದು ಎಂದು ಬೇಡಿಕೊಂಡಿದ್ದ. ಅದನ್ನು ಓದಿ ನಾನು ಆ ಕಂಪ್ಯೂಟರಿಗೇ ಬೈದೆ. ಪಕ್ಕದಲ್ಲಿ ಕೂತಿದ್ದವರು ಕುರ್ಚಿ ಸರಿಸಿಕೊಂಡರು. ಪುಟಗಟ್ಟಲೆ ಬೇಡಿಕೆಗಳಲ್ಲಿ, ಆಡುವವನು ಸಾಯದಿರಲಿ ಎಂಬುದೊಂದು ಮಾತ್ರ ಇರಲಿಲ್ಲ.

ಆಟದ ಸಾಮಾನು ಎಂದರೇನೆಂದು ಚನ್ನಪಟ್ಟಣದವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಗಫಾರ್ ಸಾಬರಿದ್ದಾರೆ. ಆಲೆಮರದ ತುಂಡನ್ನು ಯಂತ್ರಕ್ಕೆ ಕೊಟ್ಟು, ಅರಗಿನ ಬಣ್ಣ ಹಚ್ಚಿ, ಬೊಂಬೆ ಗಿಲಕಿ ಮಾಡುತ್ತಾರೆ. ಮಾಡಿದ ಪ್ರತಿ ಗಿಲಕಿಯನ್ನೂ ತಮ್ಮ ಕೆನ್ನೆಯ ಮೇಲೆ ಒಮ್ಮೆ ಉರುಳಿಸಿಯೇ ಬುಟ್ಟಿಗೆ ಹಾಕುವುದು. “ಕೈಗೆ ಹತ್ತದ ಸಿಬರು ಕೆನ್ನೆಗೆ ಹತ್ತುತ್ತೆ. ಮಗು ಇದನ್ನ ಆಡಿಸೋದು ಆಮೇಲೆ. ಮೊದಲು ಬಾಯಿಗೇ ಹಾಕೋದು” ಎನ್ನುತ್ತಾರೆ. ನೋಡಿ, ಓದು ಬರಹ ಹೆಚ್ಚಿಲ್ಲದ ಮನುಷ್ಯ! ಸಾಮಾನು ಯಾತಕ್ಕೆ ಎಂದು ಯೋಚಿಸಿ ಅಲ್ಲಿಗೇ ನಿಲ್ಲಲಿಲ್ಲ, ಅದನ್ನು ಹಿಡಿದವನು ಏನು ಮಾಡಿಯಾನು ಎಂದೂ ಯೋಚಿಸಿದರು. ಆ ಪೆಟ್ಟಿಗೆ ಮಾಡಿದವರಿಗೂ ಕೆನ್ನೆಗಳಿರಬೇಕಲ್ಲ?

ಹಳೆಯ ಆಟಗಳನ್ನು ನೋಡಿ. ಚೌಕಾಬಾರದ ಮನೆಗಳನ್ನು ನಮ್ಮ ಹಿರಿಯರು ಜಗಲಿಯ ಕಲ್ಲಿನ ಮೇಲೆಯೇ ಕೊರೆದುಬಿಟ್ಟಿದ್ದರು. ಆಡಬೇಕಾದರೆ ನೀವೇ ಅಲ್ಲಿಗೆ ಹೋಗಬೇಕು. ಜಗಲಿಯನ್ನು ಜೇಬಿಗೆ ಹಾಕಿಕೊಂಡು ಹಳಿ ದಾಟುವಂತಿಲ್ಲ. ಅಳಗುಳಿಮಣೆಯನ್ನು ಹೊತ್ತುಕೊಂಡು ಹೋಗಬಹುದು, ಆದರೆ ನಡೆಯುತ್ತಾ ಆಡಿದರೆ ಹುಣಸೆಬೀಜಗಳು ಚೆಲ್ಲುತ್ತವೆ. ಕವಡೆ ಹಿಡಿದು ಕೂತವರನ್ನು ಕರೆದರೆ “ಬಂದೆ” ಎನ್ನುತ್ತಿದ್ದರು. ತಡವಾಗಿಯಾದರೂ ಬರುತ್ತಿದ್ದರು. ಆಟ ಹತ್ತು ಎಣಿಸಿ ಯಾರನ್ನೂ ಹೆದರಿಸುತ್ತಿರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ತಿಂಗಳಿಗೊಂದು ಸುಧಾರಣಾ ಚೀಟಿಯನ್ನು ಪ್ರತಿಯೊಬ್ಬನೂ ಬರೆದು ಸಲಹಾ ಪೆಟ್ಟಿಗೆಗೆ ಹಾಕಬೇಕು. ಯಾವುದಾದರೂ ಒಂದು ತಪ್ಪು ಯಾಕಾಯಿತು ಎಂದು ಐದು ಸಲ ಕೇಳಿಕೊಳ್ಳಬೇಕು. ಒಂದು ಯಾಕೆಯ ಉತ್ತರದ ಬಾಲ ಹಿಡಿದು ಮುಂದಿನ ಯಾಕೆ. ಐದನೆಯದರಲ್ಲಿ ಬೇರು ಸಿಗುತ್ತದಂತೆ. ನಾನು ಐದು ವರ್ಷದಿಂದ ಕಪಾಟಿನ ಬಾಗಿಲು ಕಿರುಗುಟ್ಟುವುದನ್ನೇ ಬರೆದು ಕಾಲ ತಳ್ಳಿದ್ದೆ. ಈ ಸಲ ಸಿಟ್ಟಿನಿಂದ ಬರೆದೆ. ಬರೆದದ್ದು ಆ ಆಟದ ಪೆಟ್ಟಿಗೆಯ ಮುಂದಿನ ಆವೃತ್ತಿಗೆ.

ಪುಟ್ಟಸ್ವಾಮಿ ಯಾಕೆ ಸಾಯುತ್ತಿದ್ದ? ಹಳಿಯ ನಡುವೆ ನಿಂತಿದ್ದರಿಂದ. ಯಾಕೆ ನಿಂತ? ಅಂಕಿ ಇಳಿಯುತ್ತಿತ್ತು, ಎರಡು ಗುಂಡಿ ಒಟ್ಟಿಗೆ ಒತ್ತಬೇಕಿತ್ತು, ಜಲ್ಲಿಯ ಮೇಲೆ ನಡೆದರೆ ಬೆರಳು ತಪ್ಪುತ್ತಿತ್ತು. ಯಾಕೆ ಒತ್ತಲೇಬೇಕಿತ್ತು? ಒತ್ತದಿದ್ದರೆ ಆರು ಹಂತಗಳ ದುಡಿಮೆ ನೀರುಪಾಲು. ಯಾಕೆ ಹಾಗೆ ಮಾಡಿಟ್ಟಿದ್ದಾರೆ? ಮನುಷ್ಯ ಅದನ್ನು ಕೆಳಗಿಡಬಾರದೆಂದು. ಪರಿಹಾರದ ಕಾಲಮ್ಮಿನಲ್ಲಿ ಸಾಲದೆ ಅಂಚಿನಲ್ಲೂ ಬರೆದೆ: ಹತ್ತು ಎಣಿಸುವುದನ್ನು ತೆಗೆಯಿರಿ. ಕೈಯಲ್ಲಿ ಹಿಡಿದವನು ನಡೆಯುತ್ತಿದ್ದರೆ ತಾನೇ ತಿಳಿದು ನಿಂತುಬಿಡಲಿ. ಕಿವಿಗೆ ಒಂದೇ ತಂತಿ ಕೊಡಿ, ಇನ್ನೊಂದು ಕಿವಿ ಲೋಕಕ್ಕಿರಲಿ. ಇಷ್ಟು ಬರೆದು, ಐದನೆಯ ಯಾಕೆಯ ಜಾಗದಲ್ಲಿ ಏನೂ ಬರೆಯದೆ, ಮಡಿಚಿ ಹಾಕಿದೆ.

ಎರಡು ದಿನದ ಮೇಲೆ ಸೂಪರ್‌ವೈಸರ್ ನನ್ನ ಮೇಜಿಗೇ ಬಂದರು. ನಾಗಮಂಗಲದ ಕಡೆಯ ಮನುಷ್ಯ, ಹೆಚ್ಚು ಮಾತಿಲ್ಲ. “ಏನ್ರೀ ಇದು? ನಾವ್ ಮಾಡೋ ಪಾರ್ಟಲ್ಲ ಇದು. ಇದನ್ನ ಯಾರಿಗ್ ಕಳ್ಸನ ನಾನು?” ಎಂದರು. ಚೀಟಿಯನ್ನು ಮೇಜಿನ ಮೇಲಿಟ್ಟು, “ಚೆನ್ನಾಗೇನೋ ಐತೆ. ಐದನೇದು ಖಾಲಿ ಬುಟ್ಟಿದ್ದೀರಲ್ಲ? ಅದನ್ನ ಬರೀರಿ, ಆಮೇಲ್ ನೋಡನ” ಎಂದು ಹೋದರು.

ಐದನೆಯದು ಖಾಲಿ ಉಳಿದದ್ದು ಮರೆವಿನಿಂದಲ್ಲ. ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿತ್ತು. ಐದು ವರ್ಷದಲ್ಲಿ ಎಂದೂ ಹಳಿಯ ನಡುವೆ ನಿಲ್ಲದವನು ಅಂದೇ ಯಾಕೆ ನಿಂತ? ಉತ್ತರವೂ ಗೊತ್ತಿತ್ತು. ರಾಮನಗರ ಬಿಟ್ಟ ಮೇಲೆ ನಾನೇ ಅವನ ಒಂದು ಕಿವಿಯ ತಂತಿಯನ್ನು ಎಳೆದು ಹೇಳಿದ್ದೆ: “ಲೇ ಪುಟ್ಟ, ಬಸ್ ಹತ್ತೋದ್ರೊಳ್ಗೆ ಏಳನೇದು ದಾಟ್ಬುಡು ನೋಡನ. ದಾಟಿದ್ರೆ ತಟ್ಟೆ ಇಡ್ಲಿ ದುಡ್ಡು ನಂದು. ಇಲ್ದಿದ್ರೆ ನಿಂದು.” ಹೇಳಿ, ತಂತಿಯನ್ನು ನಾನೇ ಮತ್ತೆ ಅವನ ಕಿವಿಗೆ ಸಿಕ್ಕಿಸಿದ್ದೆ. ರೈಲಿಳಿಯುವಾಗ ಕೊನೆಯ ಜೀವವೊಂದೇ ಉಳಿದದ್ದನ್ನು ಅವನ ಹೆಗಲ ಮೇಲಿಂದ ನೋಡಿ, ಗೆದ್ದೆನೆಂದು ನಗುತ್ತಲೇ ಹಳಿ ದಾಟಿದ್ದೆ.

ಹಿಂದಿನ ಭಾನುವಾರವಷ್ಟೇ ಅವನ ಹೆಂಡತಿ ಸಾವಿತ್ರಿ ನನಗೆ ಕಾಫಿ ಕೊಡುತ್ತಾ, “ಆ ಪೆಟ್ಟಿಗೆ ಕೈಲಿದ್ರೆ ಇವ್ರಿಗೆ ಮನೆ ಮಠ ಗ್ಯಾನ ಇರಲ್ಲ. ನೀವ್ ಜೊತೇಲಿರ್ತೀರಲ್ಲ ಅಣ್ಣ, ಅದೇ ಧೈರ್ಯ ನಂಗೆ” ಎಂದಿದ್ದಳು. ನಾನು ದೊಡ್ಡ ಮನುಷ್ಯನಂತೆ ತಲೆ ಆಡಿಸಿ ಎರಡನೆಯ ಲೋಟವನ್ನೂ ಕುಡಿದು ಬಂದಿದ್ದೆ.

ಐದನೆಯದನ್ನು ಬರೆದುಕೊಟ್ಟೆ. ಸೂಪರ್‌ವೈಸರ್ ಓದಿ, “ಪರಿಹಾರ?” ಎಂದು ಮಾತ್ರ ಕೇಳಿದರು. ಯಾವುದೋ ದೇಶದವನು ಮುಂದಿನ ಆವೃತ್ತಿಯಲ್ಲಿ ಮಾಡಬೇಕಾದದ್ದು ನನಗೆ ಬಾಯಿಪಾಠವಾಗಿತ್ತು. ನಾಳೆ ಬೆಳಗ್ಗೆ ನಾನು ಮಾಡಬೇಕಾದದ್ದನ್ನು ಬರೆಯಲು ಒಂದೇ ಸಾಲು ಸಾಕಾಯಿತು: ಪ್ಲಾಟ್‌ಫಾರಂ ಕಡೆಗೆ ಇಳಿಯುವುದು.

ಹಾಗೆಂದು ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ. ಆ ಹತ್ತು ಅಂಕಿಗಳ ಮೇಲಿನ ನನ್ನ ದೂರು ಹಾಗೆಯೇ ಇದೆ. ಸಿಟ್ಟು ಒಳ್ಳೆಯದೇ, ಅಂದು ಪುಟ್ಟಸ್ವಾಮಿಯನ್ನು ಹಳಿಯಿಂದ ಸರಿಸಿದ್ದು ಅವನ ಸಿಟ್ಟೇ ತಾನೆ? ಅದಕ್ಕೊಂದು ಸೌತೆಕಾಯಿ ಬೇಕಾಯಿತು, ಅಷ್ಟೆ.

ಈಗ ನಾವು ಎರಡನೆಯ ಬಸ್ಸಿನವರು. ರೈಲು ನಿಧಾನವಾಗುತ್ತಿದ್ದಂತೆ ಪುಟ್ಟಸ್ವಾಮಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟುಬಿಡಬೇಕೆಂದು ಕರಾರಾಗಿದೆ. ಇವತ್ತು ಬೆಳಗ್ಗೆ ಕೊಡುವಾಗ ಅವನ ಪುಟ್ಟ ಮನುಷ್ಯ ಆಗಷ್ಟೇ ಮಾಡಿನಿಂದ ಬಿದ್ದಿದ್ದ. ನನ್ನ ಅಂಗೈಯಲ್ಲಿ ಅಂಕಿ ಇಳಿಯತೊಡಗಿತು. ಹತ್ತು, ಒಂಬತ್ತು. ಆಟವಾಡಲು ಬಾರದ ನನ್ನ ಹೆಬ್ಬೆರಳುಗಳು ತಾವಾಗಿಯೇ ಗುಂಡಿಗಳ ಮೇಲೆ ಹೋಗಿ ಕೂತಿದ್ದವು. ಸುತ್ತ ಜನ ಎದ್ದರು, ಡಬ್ಬಿಗಳು ಸದ್ದು ಮಾಡಿದವು, ಯಾರೋ ನನ್ನ ಕಾಲು ತುಳಿದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೂರು, ಎರಡು. ಹೆಬ್ಬೆರಳುಗಳನ್ನು ಮಡಿಚಿ ಹಿಡಿದುಕೊಂಡೆ.

ಸೊನ್ನೆ ಬಂತು. ಏನೂ ಆಗಲಿಲ್ಲ. ಕಿಟಕಿಯ ಹೊರಗೆ ಗೌರಮ್ಮ, “ಸೌತೆಕಾಯ್, ಎಳೇ ಸೌತೆಕಾಯ್” ಎಂದು ಕೂಗುತ್ತಿದ್ದಳು.

“ಹೋಯ್ತಾ?” ಎಂದ ಪುಟ್ಟಸ್ವಾಮಿ.

“ಹೋಯ್ತು.”

“ಹೋಗ್ಲಿ ಬುಡು. ಎರಡನೇ ಬಸ್ಗೆ ಇನ್ನೂ ಟೈಮೈತೆ. ಅವತ್ತಿನ ಇಡ್ಲಿ ದುಡ್ಡು ನಂದೇ ಅಲ್ವಾ? ನಡಿ, ತಿನ್ನನ.”

ಪ್ಲಾಟ್‌ಫಾರಂ ಕಡೆಯ ಬಾಗಿಲಿನಿಂದ ಇಳಿದೆವು. ಇಡ್ಲಿಯ ಮೇಲೆ ಬೆಣ್ಣೆ ಕರಗಿತು. ಕಣ್ಣ ಮುಂದೆ ಆ ರೈಲು ಬಂದೇ ಬಂತು. ಅದು ಹೋಗುವವರೆಗೂ ಕಾದು, ಆಮೇಲೆ ತಿಂದೆ.