ಪಕ್ಕದ ಮನೆಯ ಹೀರೋ

ಕುಲಗೋಡದಲ್ಲಿ ನಮ್ಮ ಪಕ್ಕದ ಮನೆಯವಳು ಜಂಪರ್ ಹೊಲಿಯುತ್ತಿದ್ದಳು. ಒಬ್ಬಳೇ ಇದ್ದಳು. ಶಾಲೆ ಬಿಟ್ಟ ಮಕ್ಕಳೆಲ್ಲ “ಕಾಕೂ” ಎನ್ನುತ್ತ ಅವಳ ಕಟ್ಟೆಗೇ ಓಡುತ್ತಿದ್ದರು. ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಅವಳು ಕೇಳುವಳು: “ನಿನಗ ಯಾವುದರ ಅಂಜಿಕಿ ಐತಿ? ಹೇಳು, ಅದನ್ನ ಹೊಡಿಯೂ ಹೀರೋನ್ನ ಮಾಡೂಣು.” ಕತ್ತಲೆಗೆ ಅಂಜುವವನಿಗೆ ಕಣ್ಣಲ್ಲೇ ದೀಪವಿರುವ ಹೀರೋನ ಕಥೆ. ಜೊತೆಗೆ, ಬೆನ್ನಿಗೆ ಕಟ್ಟಿಕೊಳ್ಳಲು ಉಳಿದ ಬಟ್ಟೆಯಲ್ಲಿ ಹೊಲಿದ ಒಂದು ಜೊತೆ ರೆಕ್ಕೆ.

ನನ್ನ ಮಗಳ ಹೀರೋ ಕಬ್ಬಿನ ಟ್ರ್ಯಾಕ್ಟರನ್ನು ಒಂದೇ ಕೈಯಲ್ಲಿ ಎತ್ತಿ ರಸ್ತೆ ಬದಿಗೆ ಇಡುತ್ತಿದ್ದಳು. ಶಾಲೆಯ ದಾರಿಯಲ್ಲಿ ಆ ಟ್ರ್ಯಾಕ್ಟರುಗಳನ್ನು ಕಂಡು ಮಗಳು ನಡುಗುತ್ತಾಳೆಂದು ನನಗೆ ಗೊತ್ತಾದದ್ದೇ ಆಗ. ಹೆತ್ತವಳಿಗೆ ಹೇಳದ್ದನ್ನು ಪಕ್ಕದ ಮನೆಯವಳಿಗೆ ಹೇಳಿದ್ದಳು! ನನ್ನ ಹೊಟ್ಟೆ ಉರಿಯಿತು.

“ನಿಮ್ಮ ಹೀರೋ ಯಾರ್ರೀ ಅಕ್ಕಾರ?” ಎಂದು ಚುಚ್ಚಿ ಕೇಳಿದೆ.

ಅವಳು ಮಶೀನು ನಿಲ್ಲಿಸಿದಳು. “ಸಂಜಿ ಆದ್ರ ಈ ಖಾಲಿ ಮನಿ ನೋಡಿ ಅಂಜಿಕಿ ಬರ್ತೈತ್ರಿ. ಅಷ್ಟರಾಗ ನಿಮ್ಮ ಮಗಳು ಓಡಿ ಬರ್ತಾಳಲ್ರಿ, ಆಕಿನ ನನ್ನ ಹೀರೋ.”

ಮರುದಿನ ಸಂಜೆ ಮಗಳನ್ನು ಮನೆಯಲ್ಲೇ ಹಿಡಿದಿಡಲೆಂದು ಮಿರ್ಚಿ ಬಜ್ಜಿ ಕರಿದೆ. ಅವಳು ಬಜ್ಜಿಯನ್ನು ಪೇಪರಿನಲ್ಲಿ ಸುತ್ತಿಕೊಂಡು, ರೆಕ್ಕೆ ಕಟ್ಟಿಕೊಂಡು, “ಕಾಕೂ ಒಬ್ಬಾಕಿನ ಅದಾಳವ್ವಾ” ಎನ್ನುತ್ತ ಓಡಿದಳು.

ನನಗೆ ಯಾವುದರ ಅಂಜಿಕೆ ಎಂದು ಯಾರೂ ಕೇಳಲಿಲ್ಲ.