ಹಳದಿ ಕಲ್ಲಂಗಡಿ ಮತ್ತು ನನ್ನ ನೆರಳು

ಅಪ್ಪೂ, ಪುಟ್ಟೀ, ಕೊಯ್ದ ಕಲ್ಲಂಗಡಿ ಒಳಗೆ ಕೆಂಪಿಲ್ಲದಿದ್ದರೆ ನೀವು ಮಾರಿದವನನ್ನು ಬೈಯುತ್ತೀರಿ. ನಮ್ಮ ಮನೆಯಲ್ಲಿ ನನ್ನನ್ನು ಬೈದರು. ಎದುರಿಗೆ ಮಾತಾಡಲು ನನಗೆ ಎಂದೂ ಬಾಯಿ ಬರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರವಿದೆ, ಅದರಲ್ಲೇ ಹೇಳುತ್ತೇನೆ.

ನಿಮ್ಮಜ್ಜ ತೀರಿಕೊಂಡ ಮೇಲೆ, ಆರು ವರ್ಷದ ನಿಮ್ಮವ್ವನನ್ನು ಕರೆದುಕೊಂಡು ಧಾರವಾಡದ ಕಡೆಯ ಹಳ್ಳಿಯಿಂದ ಪುಣೆಗೆ, ನಿಮ್ಮಜ್ಜನ ಅಣ್ಣನಾದ ಭಾವನವರ ಮನೆಗೆ ಬಂದೆ. ಅವರು ಗಿಡಗಳ ತಳಿ ಬೆಳೆಸುವ ಒಂದು ತೋಟದ ಕಚೇರಿಯಲ್ಲಿ ಗುಮಾಸ್ತರು. ಸಾಹೇಬ ಬರೆದದ್ದನ್ನು ಅಂದವಾಗಿ ನಕಲು ಮಾಡುವುದು ಅವರ ಕೆಲಸ. ನಕಲು ಮಾಡಿದ್ದೆಲ್ಲ ತಮ್ಮದೇ ಬುದ್ಧಿ ಎಂಬಂತೆ ಊಟದ ಮಣೆಯ ಮೇಲೆ ಕೂತು ಒಪ್ಪಿಸುತ್ತಿದ್ದರು.

"ಬಟಾಣಿ ಬಣ್ಣ ತಾಯಿ-ತಂದಿ ಇಬ್ಬರಿಂದನೂ ಬರತದ. ಎರಡು ಬಣ್ಣ ಕೂಡಿದ್ರ ಒಂದು ಮ್ಯಾಲ ಕಾಣತದ, ಇನ್ನೊಂದು ಒಳಗ ಅಡಗಿ ಕೂಡತದ. ಸತ್ತಿರೂದಿಲ್ಲ! ಮುಂದಿನ ತಲಿಮಾರಿಗೆ ಹೊರಗ ಬೀಳತದ."

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ತೋಟದಲ್ಲಿ ಜೇನುಹುಳ ಬರದಂತೆ ಹೂವಿಗೆ ಕಾಗದದ ಚೀಲ ಕಟ್ಟುತ್ತಾರೆಂದೂ ಹಾಗೆಯೇ ತಿಳಿದದ್ದು.

ಹಿತ್ತಿಲಲ್ಲಿ ಅವರದೊಂದು ಕಲ್ಲಂಗಡಿ ಪಾತಿ. ನಾನು ಬಂದ ವರ್ಷ ದಂಡಿನವರ ಕ್ಯಾಂಪಿನ ಮಾರ್ಕೆಟ್ಟಿನಿಂದ ಹಳದಿ ತಿರುಳಿನ ಹಣ್ಣು ತಂದು, ಅದರ ಬೀಜವನ್ನು ಕೆಂಪಿನ ಪಕ್ಕದಲ್ಲೇ ಹಾಕಿದ್ದರು. ಹಳದಿ ಅವರಿಗೆ ರುಚಿಸಲಿಲ್ಲ. ಕೆಂಪು ಹಣ್ಣಿನ ಬೀಜವನ್ನಷ್ಟೇ ಎತ್ತಿಟ್ಟರು. ಮರುವರ್ಷ ಎಲ್ಲವೂ ಕೆಂಪು. ಅದರ ಮುಂದಿನ ವರ್ಷ ಅವುಗಳ ಬೀಜ ಹಾಕಿ, ನೆರೆಯವರನ್ನು ಕೂಡಿಸಿ ಮೊದಲ ಹಣ್ಣು ಕೊಯ್ದರು. ಒಳಗೆ ಅರಿಸಿನದಂಥ ಹಳದಿ.

"ಅಗಬಾಯಿ!" ಎಂದು ಪಕ್ಕದ ಮನೆಯ ಮರಾಠಿ ಮುದುಕಿ ಬಾಯಿಗೆ ಸೆರಗು ಹಚ್ಚಿದಳು.

ಭಾವನವರು ಹಣ್ಣನ್ನು ಬಿಟ್ಟು ನನ್ನನ್ನು ನೋಡಿದರು. "ದಿನಾ ನೀರು ಹಾಕಾಕಿ ಯಾರು? ವಿಧವಿ ನೆರಳು ಬಿದ್ದ ಬಳ್ಳಿಯೊಳಗ ಕುಂಕುಮದ ಬಣ್ಣ ಹೆಂಗ ನಿಲ್ಲತದ?"

ಹಿಂದಿನ ರಾತ್ರಿಯಷ್ಟೇ ಬಟಾಣಿಯ ಮಾತಾಡಿದ ಬಾಯಿ ಅದು. ಆ ಜ್ಞಾನವನ್ನು ಅಂಗಿಯ ಜೊತೆ ಗೂಟಕ್ಕೆ ಸಿಕ್ಕಿಸಿ ಹಿತ್ತಿಲಿಗೆ ಬರುತ್ತಿದ್ದರೆಂದು ಕಾಣುತ್ತದೆ.

ನಮ್ಮಿಬ್ಬರನ್ನೂ ಹಳ್ಳಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿ ನಾಲ್ಕನೆಯ ಇಯತ್ತೆಯ ಮೇಲೆ ಶಾಲೆಯಿಲ್ಲ. ನಿಮ್ಮವ್ವ ಆಗ ಮೂರನೆಯದರಲ್ಲಿದ್ದಳು.

ತಡೆದದ್ದು ಯಾರ ಕರುಣೆಯೂ ಅಲ್ಲ, ಜೋಳದ ರೊಟ್ಟಿ. "ಈಕಿ ಹೋದ್ರ ಹತ್ತು ಮಂದಿಗೆ ರೊಟ್ಟಿ ನೀವು ಬಡೀತೀರೇನ್ರಿ?" ಎಂದರು ಭಾವನವರ ಹೆಂಡತಿ, ನನ್ನ ನೆಗೆಣ್ಣಿ. "ಮುಂದಿನ ಬ್ಯಾಸಗಿ ಮಟ ಇರಲಿ. ಹೊಸಾ ಬೀಜ ಹಾಕಿದ ಮ್ಯಾಲ ಪಾತಿ ನಾ ನೋಡ್ಕೋತೀನಿ, ಈಕಿ ಅತ್ತಾಗ ಹಾಯೂದು ಬ್ಯಾಡ."

"ಆತು. ಮುತ್ತೈದಿ ಕೈಯಾಗ ಎಲ್ಲಾ ಕೆಂಪು ಬಂತಂದ್ರ ದೋಷ ಈಕಿದು. ಅವತ್ತ ಕಳಸ್ತೀನಿ."

ಪಾತಿಯಲ್ಲಿದ್ದ ಬಳ್ಳಿಗಳಿಗೆ ನೀರು ಹಾಕುವುದು ಆ ಹಂಗಾಮಿನ ಮಟ್ಟಿಗೆ ಇನ್ನೂ ನನ್ನ ಪಾಲೇ ಆಗಿತ್ತು. ಬಟಾಣಿಯ ಮಾತು ಕಲ್ಲಂಗಡಿಗೂ ಸಲ್ಲುವುದಾದರೆ ಇಲ್ಲಿ ಮೇಲೆ ಕಾಣುವುದು ಕೆಂಪು, ಅಡಗುವುದು ಹಳದಿ ಎಂದುಕೊಂಡೆ. ಹಳದಿ ಬಳ್ಳಿಯಲ್ಲಿ ಮರುದಿನ ಅರಳಲಿದ್ದ ಒಂದು ಹೆಣ್ಣು ಹೂವಿಗೆ ಸಂಜೆಯೇ ಹಳೆಯ ಸೀರೆಯ ಚೂರು ಕಟ್ಟಿದೆ. ಕೆಂಪು ಹಣ್ಣು ಬಿಟ್ಟಿದ್ದ ಬಳ್ಳಿಯ ಗಂಡು ಹೂವಿಗೂ ಒಂದು. ಬೆಳಿಗ್ಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಒರೆಸಿ, ಮತ್ತೆ ಬಟ್ಟೆ ಕಟ್ಟಿದೆ. ಆ ಕಾಯಿ ಹಣ್ಣಾದಾಗ ಒಳಗೆ ಹಳದಿಯೇ ಇತ್ತು. ತಿರುಳು ತಾಯಿಬಳ್ಳಿಯದು. ಬೀಜದೊಳಗೆ ಮಾತ್ರ ತಾಯಿ, ತಂದೆ ಇಬ್ಬರೂ ಇದ್ದರು.

ಮುಂದಿನ ಹಂಗಾಮಿಗೆ ನೆಗೆಣ್ಣಿ ಕೆಂಪು ಹಣ್ಣಿನ ಬೀಜಕ್ಕೆ ಅರಿಸಿನ-ಕುಂಕುಮ ಹಚ್ಚಿ ಪಾತಿಯಲ್ಲಿ ಹಾಕಿದರು. ನಾನು ಒಗೆಯುವ ಕಲ್ಲಿನ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ, ನನ್ನ ಹಳದಿ ಹಣ್ಣಿನ ಬೀಜದಿಂದ ಮೂರು ಬಳ್ಳಿ ಎಬ್ಬಿಸಿದೆ. ನನ್ನ ನೆರಳು ಅವುಗಳ ಮೇಲೆ ಬೀಳದ ದಿನವಿರಲಿಲ್ಲ.

ಬೇಸಿಗೆ ಬಂತು. ಮುತ್ತೈದೆಯ ಪಾತಿಯ ಮೊದಲೆರಡು ಹಣ್ಣು ಕೆಂಪು. ಭಾವನವರು ನಿಮ್ಮವ್ವನ ಹೆಸರನ್ನು ಶಾಲೆಯಿಂದ ತೆಗೆಸುವ ಅರ್ಜಿಯನ್ನು ಅದೇ ಅಂದದ ಅಕ್ಷರದಲ್ಲಿ ಬರೆಯಲು ಕೂತರು. ಮೂರನೆಯ ಹಣ್ಣು ಕೊಯ್ದರು. ಹಳದಿ.

"ಗಾಳಿಗೆ ಈಕಿ ಸೆರಗು ತಾಗಿರಬೇಕು," ಎಂದರು.

ಆಗ ನನ್ನ ಮೂರು ಬಳ್ಳಿಗಳಿಂದ ಒಂದೊಂದು ಹಣ್ಣನ್ನು ನಿಮ್ಮವ್ವನ ಕೈಯಲ್ಲಿ ಕಳಿಸಿ, ನಾನು ಬಾಗಿಲ ಹಿಂದೆ ನಿಂತೆ.

"ದೊಡ್ಡಪ್ಪಾ, ಇವು ಅವ್ವ ಬೆಳಸಿದ್ದು. ಹಳದಿ ಹಣ್ಣಿನ ಬೀಜದ್ದು. ಕೊಯ್ಯಿರಿ."

ಮೂರೂ ಕೆಂಪು. ನಾನು ಗಂಡು ಹೂ ಕಿತ್ತ ಬಳ್ಳಿಯೊಳಗೆ ಹಳದಿ ಅಡಗಿದ್ದಿದ್ದರೆ ಇವುಗಳಲ್ಲೂ ಹಳದಿ ಬರಬಹುದಿತ್ತು. ಅದಿಷ್ಟು ನನ್ನ ಅದೃಷ್ಟ.

ನೆಗೆಣ್ಣಿ ಎದ್ದು ನಿಂತರು. "ಹಂಗಾರ ಕೆಟ್ಟ ಕೈ ನಂದೇನ್ರಿ? ದಿನಾ ಉಣ್ಣೂ ಮುಂದ ಬಟಾಣಿ ಪುರಾಣ ಹೇಳ್ತಿದ್ರೆಲ್ಲಾ, ಅದು ಬರೇ ಬಟಾಣಿಗಷ್ಟೇ ಏನು?"

"ಮಣ್ಣಿನ ಗುಣ," ಎಂದು ಗೊಣಗಿ ಭಾವನವರು ಕೈ ತೊಳೆಯಲು ಹೋದರು. ಮರುದಿನ ನನ್ನ ಬಳ್ಳಿಯ ಎರಡು ಹಣ್ಣುಗಳನ್ನು, ತಾವೇ ಬೆಳೆದದ್ದೆಂದು, ಸಾಹೇಬನಿಗೆ ಒಯ್ದು ಕೊಟ್ಟರು. ಕೊಡಲಿ. ಅರ್ಜಿ ಮಾತ್ರ ಶಾಲೆಗೆ ಹೋಗಲಿಲ್ಲ.

ನಿಮ್ಮವ್ವ ಅದೇ ಶಾಲೆಯಲ್ಲಿ ಓದಿದಳು, ಮುಂದೆ ಹೈಸ್ಕೂಲಿಗೂ ಹೋದಳು. ಅವಳ ಪಾಸಾದ ಸರ್ಟಿಫಿಕೇಟು ಕಬ್ಬಿಣದ ಟ್ರಂಕಿನಲ್ಲಿದೆ. ಅದು ಹೇಗೆ ಬಂತೆಂಬುದು ಈ ಹಾಳೆಗಳಲ್ಲಿದೆ. ಎರಡನ್ನೂ ಬೇರೆ ಮಾಡಬೇಡಿ, ಗೆದ್ದಲು ಹಿಡಿಯದಂತೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಒಳಗಿಡಿ.