ಅವ್ವ, ಅಮ್ಮ ಮತ್ತು ಆಡೂರ ಸರ್

ಆಡೂರ ಸರ್ ಪ್ರೋಗ್ರಾಮನ್ನು ಮನಸ್ಸಿನಲ್ಲೇ ಓದಿಕೊಳ್ಳಲು ಬಿಡುತ್ತಿರಲಿಲ್ಲ. ಬಾಯಿಬಿಟ್ಟು ಓದಬೇಕು, ಅದೂ ಎದ್ದು ನಿಂತು, ಎರಡನೇ ಇಯತ್ತೆಯ ಹುಡುಗರು ಪಾಠ ಒಪ್ಪಿಸುವ ಹಾಗೆ. ಕುಲಪತಿಗಳಾದ ಮೇಲೂ ವಾರಕ್ಕೊಮ್ಮೆ ನಮ್ಮ ಕಂಪ್ಯೂಟರ್ ವಿಭಾಗಕ್ಕೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಹೂಂ, ಓದವಾ" ಎನ್ನುತ್ತಿದ್ದರು. ನಾನು ಕಂಸ, ಅಲ್ಪವಿರಾಮಗಳ ಸಮೇತ ಓದಬೇಕು. ಎಲ್ಲಿ ನನ್ನ ನಾಲಿಗೆ ತಡವರಿಸಿತೋ ಅಲ್ಲಿ ಕಣ್ಣು ತೆರೆಯುತ್ತಿದ್ದರು.

"ಅಲ್ಲೇ ಐತಿ ನೋಡು. ನಿನಗ ತಿಳೀಲಾರದ್ದು ಅಲ್ಲೇ ಐತಿ."

ಬಹಳ ಸಲ ತಪ್ಪು ಅಲ್ಲೇ ಇರುತ್ತಿತ್ತು. ಉಳಿದ ಸಲ ನನಗೆ ಬರೀ ಬಾಯಾರಿಕೆಯಾಗಿರುತ್ತಿತ್ತು. ಅದನ್ನು ಮಾತ್ರ ಅವರು ಒಪ್ಪುತ್ತಿರಲಿಲ್ಲ.

ಹೆಸರು ಫಕ್ಕೀರಪ್ಪ. ಊರು ಹಾನಗಲ್ ತಾಲೂಕಿನ ಆಡೂರು, ಊರೇ ಅಡ್ಡಹೆಸರು. ಎಲ್ಲೆಲ್ಲೋ ಓದಿ, ಎಲ್ಲೆಲ್ಲೋ ಕಲಿಸಿ, ಕಂಪ್ಯೂಟರಿಗೆ ಕನ್ನಡದ ಹೆಸರುಗಳನ್ನು ಗುರುತಿಸಲು ಕಲಿಸಿದವರು ಎಂದು ದೊಡ್ಡ ಹೆಸರು ಮಾಡಿ, ಕೊನೆಗೆ ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು. ಆಮೇಲೆ ಅದೇ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು. ಇಷ್ಟಾದರೂ ಮಾತು ಮಾತ್ರ ಆಡೂರಿನದೇ ಉಳಿಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದರು: "ನಮ್ಮೂರಾಗ ಹಳೇ ಶಾಸನ ಅದಾವು. ಕೊರದಾಂವ ಒಂದಕ್ಷರ ತಪ್ಪಿದ್ರ ಅಳಸಾಕ ಬರತಿದ್ದಿಲ್ಲ. ನಿಮಗ ಅಳಸಾಕ ಬರತೈತಿ ಅಂತ ಮೈಮರೀಬ್ಯಾಡ್ರಿ."

ನಾನು ಸವಣೂರಿನವಳು. ಪರೀಕ್ಷಾ ಫಲಿತಾಂಶದ ಪ್ರೋಗ್ರಾಮು ನೋಡಿಕೊಳ್ಳುವುದು ನನ್ನ ಕೆಲಸ. ಅದನ್ನು ಮೊದಲು ಬರೆದವರು ಸರ್ ಅವರೇ. ಅದರಲ್ಲಿ ಒಂದು ಸಾಲಿತ್ತು, ಅದರ ಮೇಲೆ ಅವರಿಗೆ ಮಗನ ಮೇಲಿನಷ್ಟು ಮಮತೆ. ಹೆಸರಿನ ಕೊನೆಯಲ್ಲಿ 'ಅವ್ವ' ಇದ್ದರೂ 'ಅಮ್ಮ' ಇದ್ದರೂ ಎರಡನ್ನೂ ಒಂದೇ ಎಂದು ತಿಳಿ ಎಂದು ಕಂಪ್ಯೂಟರಿಗೆ ಹೇಳುವ ಸಾಲು ಅದು. ನಮ್ಮ ಕಡೆ ಮನೆಯಲ್ಲಿ ನೀಲವ್ವ ಆದವಳು ಶಾಲೆಯ ದಾಖಲೆಯಲ್ಲಿ ನೀಲಮ್ಮ ಆಗಿರುತ್ತಾಳೆ. ಸರ್ ಅವರ ತಾಯಿ ದುರ್ಗವ್ವನಿಗೆ ಒಮ್ಮೆ ಸರಕಾರದ ಮನೆ ಮಂಜೂರಾಗಿತ್ತಂತೆ. ಒಂದು ಪುಸ್ತಕದಲ್ಲಿ ದುರ್ಗವ್ವ, ಇನ್ನೊಂದರಲ್ಲಿ ದುರ್ಗಮ್ಮ. ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು ಹಾನಗಲ್ಲಿಗೆ ಅಲೆದು ಅಲೆದು ಬರುವಷ್ಟರಲ್ಲಿ ಮನೆ ಬೇರೆಯವರ ಪಾಲಾಗಿತ್ತು.

"ಅವ್ವ ಅಂದ್ರೂ ಆಕೀನ, ಅಮ್ಮ ಅಂದ್ರೂ ಆಕೀನ" ಎಂದು ಆ ಸಾಲಿನ ಪಕ್ಕದಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದಿದ್ದರು. ಅಲ್ಲಿಗೆ ಬಂದಾಗ ನನ್ನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. ಓದುವಾಗ ನನಗೂ ಖುಷಿಯೇ ಆಗುತ್ತಿತ್ತು.

ಅವರ ಅವಧಿಯ ಕೊನೆಯ ವರ್ಷ. ಒಂದು ದಿನ ಹಿರೇಕೆರೂರು ತಾಲೂಕಿನ ಅಬಲೂರಿನಿಂದ ಗಂಗವ್ವ ಎಂಬ ಹುಡುಗಿ ನನ್ನ ಕಿಟಕಿಯ ಮುಂದೆ ನಿಂತಿದ್ದಳು. ಅವಳ ಬಿ.ಎ. ಫಲಿತಾಂಶ ರದ್ದಾಗಿತ್ತು. 'ಗಂಗಮ್ಮ ಎಂದು ನೋಂದಣಿ ಮಾಡಿಸಿದವಳೇ ಗಂಗವ್ವ ಎಂದು ಎರಡನೆಯ ನೋಂದಣಿ ಮಾಡಿಸಿದ್ದಾಳೆ' ಎಂಬುದು ಆರೋಪ.

"ಮೇಡಂ, ಅಕಿ ಬ್ಯಾರೆ, ನಾ ಬ್ಯಾರೆ. ಅಕಿ ನಮ್ಮ ಕಾಕಾನ ಮಗಳ್ರಿ" ಎಂದಳು.

ನನ್ನ ಮುಂದೆ ಕಾಗದಗಳ ರಾಶಿ ಬಿದ್ದಿತ್ತು. ತಲೆ ಎತ್ತದೆ, "ಕಂಪ್ಯೂಟರ್ ಸುಳ್ಳು ಹೇಳೂದಿಲ್ಲವಾ" ಎಂದುಬಿಟ್ಟೆ. ಈ ಮಾತನ್ನು ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ. ಅವಳು ಮತ್ತೊಮ್ಮೆ ಬಂದಳು. ಮತ್ತೆ ಅದೇ ಉತ್ತರ ಕೊಟ್ಟೆ. ಮೂರನೆಯ ಸಲ ಬರಲಿಲ್ಲ, ಅಂಚೆಯಲ್ಲಿ ಅರ್ಜಿ ಕಳಿಸಿದಳು. ಅದರ ಜೊತೆ ಎರಡು ಭಾವಚಿತ್ರಗಳನ್ನು ಪಿನ್ನು ಹಾಕಿ, ಕೆಳಗೆ ಬರೆದಿದ್ದಳು: 'ನಾನು ಯಾರು, ಗಂಗಮ್ಮ ಯಾರು, ನೀವೇ ನೋಡಿರಿ.'

ನೋಡಿದೆ. ಎರಡು ಮುಖ.

ಹಳೆಯ ದಾಖಲೆಗಳನ್ನು ತೆಗೆದೆ. ಇಬ್ಬರು ಅಣ್ಣತಮ್ಮಂದಿರು, ಬಸಪ್ಪ ಮತ್ತು ಬೀರಪ್ಪ. ಇಬ್ಬರೂ ಮಗಳಿಗೆ ಅಜ್ಜಿಯ ಹೆಸರಿಟ್ಟಿದ್ದರು. ಒಂದೇ ತರಗತಿಯಲ್ಲಿ ಇಬ್ಬರು ಗಂಗವ್ವರಾದರೆ ಗೊಂದಲವೆಂದು ಊರ ಮಾಸ್ತರು ಒಬ್ಬಳನ್ನು ಗಂಗಮ್ಮ ಎಂದು ಬರೆದುಕೊಂಡಿದ್ದರು. ಹುಟ್ಟಿದ ದಿನ ಇಬ್ಬರಿಗೂ ಜೂನ್ ಒಂದು. ನಮ್ಮ ಕಡೆ ಅರ್ಧ ಊರು ಹುಟ್ಟಿರುವುದು ಮಾಸ್ತರರ ಲೆಕ್ಕದಲ್ಲಿ ಅವತ್ತೇ. ನೋಂದಣಿ ಅರ್ಜಿಯಲ್ಲಿ ತಂದೆಯ ಹೆಸರಿಗೆ ಒಂದೇ ಇಂಗ್ಲಿಷ್ ಅಕ್ಷರದ ಜಾಗ. ಇಬ್ಬರಿಗೂ 'ಬಿ'. ಅವರಿಬ್ಬರನ್ನು ಬೇರೆ ಮಾಡುತ್ತಿದ್ದುದು ಮಾಸ್ತರರು ಇಟ್ಟ ಆ 'ಅಮ್ಮ' ಒಂದೇ. ಅದನ್ನೇ ಸರ್ ಅವರ ಸಾಲು ಅಳಿಸಿತ್ತು.

ಗಂಗವ್ವ ಇನ್ನೊಂದು ಮಾತನ್ನೂ ಬರೆದಿದ್ದಳು: ಅವಳಿಗೆ ಸಿಕ್ಕ ಬಿ.ಎಡ್. ಸೀಟಿಗೆ ಹಾನಗಲ್ಲಿನಲ್ಲಿ ದಾಖಲೆ ತೋರಿಸಲು ಅವತ್ತೇ ಕೊನೆಯ ದಿನ. ಸಂಜೆ ಐದು ಗಂಟೆಗೆ ಬಾಗಿಲು ಹಾಕುತ್ತಾರೆ. ಹನ್ನೊಂದಕ್ಕೆ ನಮ್ಮಲ್ಲಿ ಸಿಂಡಿಕೇಟ್ ಸಭೆ. ಸರ್ ಅವರಿಗೆ ಎರಡನೆಯ ಅವಧಿ ಸಿಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿದ್ದ ದಿನಗಳವು. ಹೋಗಿ ಅವರ ಮೇಜಿನ ಮೇಲೆ ಎರಡು ಚಿತ್ರಗಳನ್ನಿಟ್ಟು ನಡೆದದ್ದನ್ನು ಹೇಳಿದೆ. ನೋಡಿದರು.

ಕುಲಸಚಿವರು ಅಲ್ಲೇ ಇದ್ದರು. ಅವರು ದನಿ ತಗ್ಗಿಸಿ, "ಸರ್, ತಂದಿ ಹೆಸರು ಪೂರ್ತಿ ಬರೀದ ಇದ್ದದ್ದು ಕಾಲೇಜಿನ ಕ್ಲಾರ್ಕನ ತಪ್ಪು. ಅವಗ ನೋಟಿಸ್ ಕೊಡೂಣು. ಹುಡುಗೀದು ಮುಂದಿನ ವರ್ಷ ನೋಡೂಣ್ರಿ. ಇವತ್ತ ಸಭಾದಾಗ ಇದನ್ನ ಎತ್ತಬ್ಯಾಡ್ರಿ" ಎಂದರು.

"ಜಾಗಾನ ಇಲ್ಲದಾಗ ಅಂವ ಎಲ್ಲಿ ಬರೀಬೇಕಿತ್ತ್ರಿ, ತನ್ನ ಹಣೀ ಮ್ಯಾಲ?" ಎಂದರು ಸರ್. ಆಮೇಲೆ ನನ್ನ ಕಡೆ ತಿರುಗಿ, "ಆ ಸಾಲಿದ್ದ ಹಾಳಿ ಪ್ರಿಂಟ್ ತಗೊಂಡು ಬಾರವಾ" ಎಂದರು.

ಸಭೆಯಲ್ಲಿ ನನ್ನನ್ನು ಗೋಡೆಯ ಹತ್ತಿರ ಕೂರಿಸಿದ್ದರು. ಸರ್ ಕುಲಪತಿಯ ಕುರ್ಚಿಯಿಂದ ಎದ್ದು ನಿಂತರು. ಕನ್ನಡಕ ಹಾಕಿಕೊಂಡರು. ಓದತೊಡಗಿದರು, ಕಂಸ, ಅಲ್ಪವಿರಾಮಗಳ ಸಮೇತ. ಸದಸ್ಯರು ಮುಖ ಮುಖ ನೋಡಿಕೊಂಡರು. ಒಬ್ಬರು ನಕ್ಕೇ ಬಿಟ್ಟರು. ಆ ಸಾಲಿಗೆ ಬಂದಾಗ ಸರ್ ಅವರ ನಾಲಿಗೆ ನಿಂತಿತು. ನಕ್ಕವರ ನಗೆಯೂ ಅಲ್ಲಿಗೆ ನಿಂತಿತು.

"ಇಲ್ಲೇ ಐತಿ ನೋಡ್ರಿ ತಪ್ಪು" ಎಂದರು. "ಇದನ್ನ ಬರದಾಂವ ನಾ. ಕ್ಲಾರ್ಕ್ ಅಲ್ಲ, ಕಂಪ್ಯೂಟರ್ ಅಲ್ಲ. ನಮ್ಮವ್ವನ ಸಂಕಟಾ ನೋಡಿ ಬರದೆ. ಎರಡು ಹೆಸರಿನಾಕಿ ಒಬ್ಬಾಕಿ ಇರತಾಳ ಅಂತಷ್ಟ ನನಗ ಗೊತ್ತಿತ್ತು. ಒಂದ ಹೆಸರಿನಾಗ ಇಬ್ಬರು ಇರತಾರ ಅನ್ನೂದು ಹೊಳೀಲಿಲ್ಲ. ಬರಕೊಳ್ರಿ."

ಬರೆದುಕೊಂಡರು. ಆ ದಾಖಲೆಯೇ ಮುಂದೆ ಅವರ ಎರಡನೆಯ ಅವಧಿಗೆ ಅಡ್ಡ ಬಂತು. 'ತಪ್ಪು ಪ್ರೋಗ್ರಾಮಿನ ಕುಲಪತಿ' ಎಂದು ಕಾರಿಡಾರಿನಲ್ಲಿ ಆಡಿಕೊಂಡರು. ನನಗೆ ಅವರೆಲ್ಲರ ಮೇಲೂ ಇನ್ನೂ ಸಿಟ್ಟಿದೆ.

ಅವತ್ತು ಗಂಗವ್ವನ ಅಂಕಪಟ್ಟಿ ಸಿದ್ಧವಾದಾಗ ಮಧ್ಯಾಹ್ನ ಒಂದೂವರೆ ಗಂಟೆ. ಹುಡುಗಿಯ ಫೋನು ಬಂದ್ ಆಗಿತ್ತು. "ನಡಿ" ಎಂದರು ಸರ್. ಚಾಲಕ ಊಟಕ್ಕೆ ಹೋಗಿದ್ದ. ತಾವೇ ಗಾಡಿ ತೆಗೆದರು. ಬಂಕಾಪುರ ದಾಟಿ, ಹಾನಗಲ್ಲಿನಲ್ಲಿ ನಿಲ್ಲದೆ, ಹಿರೇಕೆರೂರಿನ ರಸ್ತೆ ಹಿಡಿದೆವು. ಹತ್ತು ನಿಮಿಷಕ್ಕೊಮ್ಮೆ ನಾನು ಗಡಿಯಾರ ನೋಡುತ್ತಿದ್ದೆ. ಒಂದು ಕಡೆ ಗೋವಿನಜೋಳ ಹೇರಿದ ಟ್ರ್ಯಾಕ್ಟರು ರಸ್ತೆಗೆ ಅಡ್ಡ ನಿಂತಿತ್ತು. ಸರ್ ಇಳಿದು ಹೋಗಿ ಅದನ್ನು ತಳ್ಳಲು ಕೈ ಜೋಡಿಸಿದರು.

ಅಬಲೂರಿನ ಮನೆಯ ಮುಂದೆ ಗಂಗವ್ವನ ತಾಯಿ ಮೊರ ಹಿಡಿದು ಕುಳಿತಿದ್ದಳು. ವಿಷಯ ತಿಳಿದವಳೇ ಮೊರ ಬಿಸಾಕಿ ಎದ್ದಳು.

"ನನ್ನ ಮಗಳನ್ನ ಇಲ್ಲಂತ ಮಾಡಿದಾಂವ ನೀನ ಏನು? ಊರಾಗ ಅಕೀನ್ನ ಕಳ್ಳಿ ಅಂದ್ರಲ್ಲೋ! ಉಣ್ಣಾಕ ಒಲ್ಲೆ ಅಂತಾಳ, ಗ್ವಾಡೀ ಕಡೆ ಮಾರಿ ಮಾಡಿ ಮಲಗ್ತಾಳ!"

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಸರ್ ಕೈ ಮುಗಿದರು. "ಹೌದಬೇ ಯವ್ವಾ, ನಾನ. ಬಯ್ಯಿ, ಆಮ್ಯಾಲೆ ಮತ್ತ ಬಂದು ಬೈಸ್ಕೋತೇನಿ. ಈಗ ಹುಡುಗೀನ್ನ ಕರಿ, ಐದಕ್ಕ ಬಾಗಲಾ ಹಾಕ್ತಾರ."

ಒಳಗಿನಿಂದ ಗಂಗವ್ವ ಬಂದಳು. ಅಂಕಪಟ್ಟಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೋಡಿ ಕೇಳಿದಳು: "ಈಗರ ಕಂಪ್ಯೂಟರ್ ಸುಳ್ಳು ಹೇಳತೈತೋ ಇಲ್ಲೋ ಹೇಳ್ರಿ, ಮೇಡಂ?"

"ಹೇಳತೈತಿ. ನಾನೂ ಹೇಳಿದೆ. ತಪ್ಪಾತು" ಎಂದೆ. ಅವಳು ಚಪ್ಪಲಿ ಮೆಟ್ಟಿ ಗಾಡಿ ಹತ್ತಿದಳು.

ಹಾನಗಲ್ ಮುಟ್ಟಿದಾಗ ಐದಕ್ಕೆ ಏಳು ನಿಮಿಷ. ಜವಾನ ಬಾಗಿಲಿನ ಒಂದು ರೆಕ್ಕೆ ಆಗಲೇ ಮುಚ್ಚಿದ್ದ. ಇನ್ನೊಂದು ರೆಕ್ಕೆಯ ಸಂದಿಯಲ್ಲಿ ಸರ್ ತಮ್ಮ ಕಾಲಿಟ್ಟು ನಿಂತರು. ಗಂಗವ್ವ ಅವರ ಕೈ ಕೆಳಗಿನಿಂದ ಒಳಗೆ ನುಸುಳಿದಳು. ಸೀಟು ಉಳಿಯಿತು.

ಅವಧಿ ಮುಗಿದ ದಿನ ಸರ್ ನಮ್ಮ ವಿಭಾಗಕ್ಕೆ ಬಂದರು. ಆ ಸಾಲನ್ನು ನಾವು ಬದಲಾಯಿಸಿದ್ದೆವು. ಈಗ ಅಂಥ ಎರಡು ಹೆಸರು ಸಿಕ್ಕರೆ ಕಂಪ್ಯೂಟರ್ ತಾನೇ ತೀರ್ಮಾನಿಸುವುದಿಲ್ಲ, ಫೋನ್ ಮಾಡಿ ಕೇಳಿರಿ ಎಂದು ನಮಗೆ ಹೇಳಿ ನಿಲ್ಲುತ್ತದೆ. ಅರ್ಜಿಯಲ್ಲಿ ತಂದೆಯ ಹೆಸರಿಗೂ ತಾಯಿಯ ಹೆಸರಿಗೂ ಪೂರ್ತಿ ಜಾಗ. ಓದಿಸಿಕೊಂಡರು. ಹಳೆಯ ಟಿಪ್ಪಣಿಯನ್ನು ತೆಗೆದುಬಿಡಲೇ ಎಂದು ಕೇಳಿದೆ. "ಬ್ಯಾಡ, ಇರಲಿ. ಕೆಳಗ ಇನ್ನೊಂದು ಬರಿ: ಕೇಳಿ ನೋಡಬೇಕು" ಎಂದರು. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಆಡೂರಿಗೆ ಬರ್ತೇನಿ, ಬರ್ತೇನಿ ಎಂದು ಫೋನಿನಲ್ಲಿ ಹೇಳುತ್ತಲೇ ಕಾಲ ಕಳೆದೆ.

ಹೋದದ್ದು ಅವರು ತೀರಿಕೊಂಡ ಮೂರನೆಯ ದಿನ. ಮನೆಯ ಕಟ್ಟೆಯ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದರು, ಬಂದವರು ಹೆಸರು ಬರೆಯಲೆಂದು. ದೊಡ್ಡ ದೊಡ್ಡವರ ಗೀಚು ಸಹಿಗಳು. ಅವುಗಳ ಕೆಳಗೆ, ಪಾಠ ಕಲಿಸುವವರ ದುಂಡು ಅಕ್ಷರಗಳಲ್ಲಿ ಮೂರು ಸಾಲು. ನಾನು ಪೆನ್ನು ಕೆಳಗಿಟ್ಟು ನೆಟ್ಟಗೆ ನಿಂತೆ. ಸುತ್ತಲಿನವರು ಏನೆಂದುಕೊಳ್ಳುತ್ತಾರೋ ಎಂದು ನೋಡದೆ ಬಾಯಿಬಿಟ್ಟು ಓದಿದೆ:

"ಗಂಗವ್ವ, ತಂದೆ ಬಸಪ್ಪ, ತಾಯಿ ನಾಗವ್ವ, ಶಿಕ್ಷಕಿ, ಅಬಲೂರು. ಗಂಗಮ್ಮ, ತಂದೆ ಬೀರಪ್ಪ, ತಾಯಿ ಶಾಂತವ್ವ, ಅಬಲೂರು. ಇಬ್ಬರೂ ಬಂದಿದ್ದೆವು."

'ಇಬ್ಬರೂ' ಎಂಬಲ್ಲಿ ನನ್ನ ನಾಲಿಗೆ ತಡವರಿಸಿತು. ತಪ್ಪೇನೂ ಇರಲಿಲ್ಲ.